ಸೊನ್ನೆಯೋ, ಅನುಸ್ವಾರವೋ?

ಪಣಜಿಯ ಫೊಂಟೈನಾಸ್ ಬಡಾವಣೆಯ ಓಣಿಗಳಲ್ಲಿ ಬೀದಿಯ ಹೆಸರನ್ನು ಬರೆದ ನೀಲಿ-ಬಿಳಿ ಹೆಂಚಿನ ಫಲಕಗಳನ್ನು ನೋಡಿದವರಿಗೆ ಪೋರ್ಚುಗೀಸ್ ಲಿಪಿಯ ತಲೆಗುರುತುಗಳ ಪರಿಚಯ ಇದ್ದೇ ಇರುತ್ತದೆ. ಸಾಂವ್ ತೊಮೆ ಎಂದು ಬರೆಯುವಾಗ ‘ಎ’ ಅಕ್ಷರದ ನೆತ್ತಿಯ ಮೇಲೆ ಅಲೆಯಂಥದೊಂದು ಗೆರೆ ಬರುತ್ತದೆ, ಕೊನೆಯ ‘ಇ’ ಮೇಲೆ ಓರೆಯಾದ ಇನ್ನೊಂದು. ಇವು ಅಲಂಕಾರಕ್ಕೆ ಇಟ್ಟವಲ್ಲ. ಪೋರ್ಚುಗೀಸಿನಲ್ಲಿ ‘ಅವೊ’ ಎಂಬ ಪದದ ಕೊನೆಯ ಅಕ್ಷರಕ್ಕೆ ಓರೆಗೆರೆ ಹಾಕಿದರೆ ಅಜ್ಜಿ, ಟೊಪ್ಪಿಗೆ ಹಾಕಿದರೆ ಅಜ್ಜ. ಎರಡನ್ನೂ ಬಿಟ್ಟರೆ ಯಾರೆಂಬುದೇ ತಿಳಿಯದು. ಆದರೂ ಅಂತರಜಾಲದ ವಿಳಾಸಗಳಲ್ಲಿ ಬಹುಕಾಲ ಅಜ್ಜ-ಅಜ್ಜಿಯರಿಬ್ಬರೂ ಹೀಗೆ ಬೋಳುತಲೆಯಲ್ಲೇ ಇರಬೇಕಾಗಿತ್ತು. ಜರ್ಮನಿ ತನ್ನ ಎರಡು ಚುಕ್ಕಿಯ ಸ್ವರಗಳಿಗೆ 2004ರ ಮಾರ್ಚ್‌ನಲ್ಲಿ ಬಾಗಿಲು ತೆರೆಯಿತು, ಪೋರ್ಚುಗಲ್ ಮರುವರ್ಷ ತೆರೆಯಿತು.

ನನಗೆ ಈ ವಿಷಯ ತಲೆಗೆ ಹತ್ತಿದ್ದು ಅಜ್ಜಿಯ ದೆಸೆಯಿಂದಲ್ಲ, ನಮ್ಮ ರಾಜ್ಯೋತ್ಸವದ ಕರಪತ್ರದ ದೆಸೆಯಿಂದ. ಪಣಜಿಯಲ್ಲಿರುವ ನಾವು ಕೆಲವು ಕನ್ನಡಿಗರು ಸೇರಿ ನಡೆಸುವ ಪುಟ್ಟ ಸಂಘಕ್ಕೆ ಕನ್ನಡ ಅಕ್ಷರಗಳಲ್ಲಿಯೇ ಒಂದು ಜಾಲವಿಳಾಸ ಇರಲಿ ಎಂದು ಹಟ ಹಿಡಿದವನು ನಾನೇ. ಕರಪತ್ರ ವಾಟ್ಸ್ಆ್ಯಪ್‌ನಲ್ಲಿ ಹೊರಟ ಅರ್ಧ ಗಂಟೆಗೆ ಧಾರವಾಡದ ಕಡೆಯ ಹಿರಿಯರೊಬ್ಬರ ಕರೆ ಬಂತು: “ಅಲ್ರೀ ಸರ, ನೀವು ಕೊಟ್ಟ ವಿಳಾಸ ತೆರೀವಲ್ದು ನೋಡ್ರಿ.” ನಾನು ಬೆರಳಚ್ಚಿಸಿ ನೋಡಿದರೆ ತೆರೆಯುತ್ತಿತ್ತು, ಅವರು ಕರಪತ್ರದ ಸಂದೇಶದಿಂದ ನಕಲಿಸಿ ಹಾಕಿದರೆ ತೆರೆಯುತ್ತಿರಲಿಲ್ಲ. ಎರಡು ಸಾಲನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ.

ಕಾರಣ ಸಿಕ್ಕಿದ್ದು ರಾತ್ರಿ. ಕರಪತ್ರ ಸಿದ್ಧಪಡಿಸಿದವರು ‘ಸಂಘ’ ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿ ‘ಸ೦ಘ’ ಎಂದು ಮಾಡಿದ್ದರು. ಅವರನ್ನು ದೂರುವುದು ನ್ಯಾಯವಲ್ಲ, ಏಕೆಂದರೆ ಅನುಸ್ವಾರಕ್ಕೆ ಸೊನ್ನೆ ಎಂದೇ ಕರೆಯುವುದನ್ನು ನಾವೆಲ್ಲ ಶಾಲೆಯಲ್ಲಿ ಕಲಿತವರು. ರೂಪವೂ ಒಂದೇ, ಹೆಸರೂ ಒಂದೇ. ಆದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅನುಸ್ವಾರದ ಸಂಖ್ಯೆ 0ಸಿ82, ಸೊನ್ನೆಯ ಸಂಖ್ಯೆ 0ಸಿಇ6. ಓದುವ ಕಣ್ಣಿಗೆ ಒಂದೇ ಆಗಿರುವ ಈ ಎರಡು ಯಂತ್ರದ ಪಾಲಿಗೆ ಬೇರೆ ಬೇರೆ ಹೆಸರುಗಳು. ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿ ಬರೆದರೂ ಎರಡು ತುಂಡುಗಳಾಗಿ ಬರೆದರೂ ಅವನ್ನು ಒಂದೇ ರೂಪಕ್ಕೆ ತರುವ ವ್ಯವಸ್ಥೆ ಯೂನಿಕೋಡ್‌ನಲ್ಲಿದೆ, ಆದರೆ ಸೊನ್ನೆಗೂ ಅನುಸ್ವಾರಕ್ಕೂ ಅಂಥ ನೆಂಟಸ್ತಿಕೆ ಇಲ್ಲ.

ಇಷ್ಟಕ್ಕೂ ನಾವು ಕೊಂಡ ಕನ್ನಡದ ಹೆಸರು ಒಳಗೆ ಕನ್ನಡದಲ್ಲಿ ಇರುವುದೇ ಇಲ್ಲ. 1983ರಲ್ಲಿ ಜಾಲವಿಳಾಸದ ಹೆಸರುಗಳ ಈ ವ್ಯವಸ್ಥೆ ರೂಪುಗೊಂಡಾಗಿನಿಂದ ಅದರಲ್ಲಿ ರೂಢಿಯಲ್ಲಿರುವುದು 26 ಇಂಗ್ಲಿಷ್ ಅಕ್ಷರ, ಹತ್ತು ಅಂಕಿ ಮತ್ತು ಒಂದು ಅಡ್ಡಗೆರೆ ಮಾತ್ರ. ಬೇರೆ ಲಿಪಿಗಳಿಗೂ ಇಲ್ಲಿ ಎಡೆ ಸಿಗಬೇಕೆಂಬ ಪ್ರಸ್ತಾಪವನ್ನು ಮಾರ್ಟಿನ್ ಡ್ಯೂರ್ಸ್ಟ್ 1996ರಲ್ಲಿ ಮುಂದಿಟ್ಟರು. ಮಾನದಂಡ ಹೊರಬಂದದ್ದು 2003ರಲ್ಲಿ. ಲೋಕದ ತುಂಬ ಹರಡಿದ್ದ ಹಳೆಯ ಯಂತ್ರಗಳನ್ನು ಬದಲಿಸುವ ಗೋಜಿಗೆ ಹೋಗದೆ, ಯಾವ ಲಿಪಿಯ ಹೆಸರನ್ನಾದರೂ ಆ ಹಳೆಯ ಅಕ್ಷರಗಳಿಗೇ ಇಳಿಸುವ ಪ್ಯೂನಿಕೋಡ್ ಎಂಬ ಲೆಕ್ಕಾಚಾರವನ್ನು ಮಾನದಂಡ ರೂಪಿಸಿದವರು ಒಪ್ಪಿಕೊಂಡರು. ನಾವು ಬ್ರೌಸರ್‌ನಲ್ಲಿ ವಿಳಾಸದ ಕೊನೆಗೆ ‘ಭಾರತ’ ಎಂದು ಬರೆದರೆ ಅದು ಹೊರಗೆ ಕಳಿಸುವುದು ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ 2, ಎಸ್, ಸಿ, ಆರ್, ಜೆ, 9, ಸಿ ಎಂಬ ಸಾಲನ್ನು. ಜಾಣತನದ ಉಪಾಯವೆಂದು ನಾನು ಒಪ್ಪುತ್ತೇನೆ. ಆದರೆ ಯಾವುದೋ ತಂತ್ರಾಂಶ ವೇಷ ಕಳಚಿ ಒಳಗಿನದನ್ನೇ ತೋರಿಸಿದ ದಿನ ಸಂಘದ ಸದಸ್ಯರಿಗೆ ಅದು ವೈರಸ್ಸಿನ ಕೊಂಡಿಯಂತೆ ಕಾಣುತ್ತದೆ.

2003ರ ನಿಯಮಗಳು ಜರ್ಮನ್ನಿನ ಒಂದು ವಿಶಿಷ್ಟ ‘ಎಸ್’ ಅಕ್ಷರವನ್ನು ಎರಡು ಸಾಮಾನ್ಯ ‘ಎಸ್’ಗಳನ್ನಾಗಿ ಒಡೆದುಬಿಡುತ್ತಿದ್ದವು, 2010ರಲ್ಲಿ ಪ್ರಕಟವಾದ ಪರಿಷ್ಕೃತ ನಿಯಮಗಳು ಅದಕ್ಕೆ ಸ್ವಂತ ಸ್ಥಾನ ಕೊಟ್ಟವು. ಅದೇ ಪರಿಷ್ಕರಣೆಯಿಂದ ನಮಗೂ ಅರ್ಧ ಲಾಭವಾಯಿತು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಹಲಂತದ ಮುಂದೆ ಕಾಣದ ಒಂದು ಚಿಹ್ನೆ ಕುಳಿತು ಒತ್ತಕ್ಷರವಾಗದಂತೆ ತಡೆಯುತ್ತದೆ. ಮೊದಲು ಅದನ್ನು ಸದ್ದಿಲ್ಲದೆ ಕಿತ್ತೆಸೆಯುತ್ತಿದ್ದರು, ಈಗ ಹಲಂತದ ನಂತರ ಬಂದರೆ ನಿಯಮ ಒಪ್ಪುತ್ತದೆ. ಆದರೆ ‘ರ‍್ಯಾಂಕ್’ ಎಂಬಲ್ಲಿ ಬೇಕಾದ ಜೋಡಿಸುವ ಚಿಹ್ನೆ ರಕಾರ ಮತ್ತು ಹಲಂತದ ನಡುವೆ ಬರುತ್ತದೆ, ಅಂದರೆ ಹಲಂತಕ್ಕಿಂತ ಮೊದಲು. ಹಾಗಾಗಿ ನಿಯಮಕ್ಕೆ ಅದು ಸಲ್ಲದು, ಮತ್ತು ಜಾಲವಿಳಾಸದಲ್ಲಿ ಆ ಪದ ಅರ್ಕಾವತ್ತು ಹೊತ್ತು ‘ರ್ಯಾಂಕ್’ ಎಂದಾಗಬೇಕಾಗುತ್ತದೆ. ನಿಯಮ ಬರೆದವರ ಕಣ್ಣ ಮುಂದೆ ದೇವನಾಗರಿ ಇದ್ದಿರಬೇಕು ಎಂಬುದು ನನ್ನ ಗುಮಾನಿ.

ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳಿಂದ ಮೋಸವೂ ಸಾಧ್ಯ. 2017ರಲ್ಲಿ ಒಬ್ಬ ಸಂಶೋಧಕ ರಷ್ಯನ್ ಮೊದಲಾದ ಭಾಷೆಗಳ ಸಿರಿಲಿಕ್ ಅಕ್ಷರಗಳಿಂದಲೇ ‘ಆ್ಯಪಲ್’ ಎಂದು ಓದಿಸಿಕೊಳ್ಳುವ ಹೆಸರನ್ನು ನೋಂದಾಯಿಸಿ ಬ್ರೌಸರ್‌ಗಳನ್ನು ಬೇಸ್ತು ಬೀಳಿಸಿ ತೋರಿಸಿದ್ದ. ನಮ್ಮ ಜ, ರ, ಲ ಅಕ್ಷರಗಳೂ ತೆಲುಗಿನವೂ ಅಣ್ಣತಮ್ಮಂದಿರಂತಿವೆ. ಆದ್ದರಿಂದ ಬೇರೆ ಬೇರೆ ಲಿಪಿಗಳನ್ನು ಬೆರೆಸಿದ ಹೆಸರು ಕಂಡರೆ ಬ್ರೌಸರ್ ಸಾಮಾನ್ಯವಾಗಿ ಅದರ ವೇಷ ಕಳಚಿಯೇ ತೋರಿಸುತ್ತದೆ. ಅದು ಸರಿಯಾದ ಕ್ರಮ.

ಇಷ್ಟೆಲ್ಲ ತೊಡಕಿದ್ದೂ ರೋಮನ್ ಸಾಕು ಎನ್ನಲು ನನಗೆ ಮನಸ್ಸಿಲ್ಲ. ನಾನಿರುವ ಊರನ್ನೇ ನೋಡಿ: ರೋಮನ್ನಿನಲ್ಲಿ ಅದು ಪಣಜಿ, ಪಂಜಿಮ್, ಪಂಗಿಮ್ ಎಂದು ಮೂರು ಬಗೆ. ಇಲ್ಲಿಯ ಕೊಂಕಣಿ ದೇವನಾಗರಿಯಲ್ಲೂ ರೋಮಿ ಎನ್ನುವ ರೋಮನ್ ಅಕ್ಷರಗಳಲ್ಲೂ ಬರೆಯಲ್ಪಡುತ್ತದೆ, ನಮ್ಮ ಮಂಗಳೂರಿನಲ್ಲಿ ಕನ್ನಡ ಅಕ್ಷರಗಳಲ್ಲಿ. ‘ಸಂಘ’ ಎಂಬುದನ್ನು ರೋಮನ್ನಿನಲ್ಲಿ ಫೋನಿನ ಮೇಲೆ ಹೇಳಿ ನೋಡಿದರೆ ಕೊನೆಯಲ್ಲಿ ‘ಎಚ್’ ಇದೆಯೇ, ಇಲ್ಲವೇ, ‘ಎ’ ಒಂದೋ ಎರಡೋ ಎಂಬ ಪ್ರಶ್ನೆಗಳು ಬಂದೇ ಬರುತ್ತವೆ. ಕನ್ನಡದಲ್ಲಿ ಹೇಳಿದರೆ ಕೇಳಿದವರು ನೇರವಾಗಿ ಬರೆದುಕೊಳ್ಳುತ್ತಾರೆ. ದೇವನಾಗರಿಯ ‘ಭಾರತ’ 2014ರ ಆಗಸ್ಟ್‌ನಲ್ಲಿ ಜನಬಳಕೆಗೆ ಬಂದ ಮೇಲೆ ಕನ್ನಡಕ್ಕೂ ಆ ಭಾಗ್ಯ ಒದಗಿದ್ದು ಈ ಒಂದು ಕಾರಣಕ್ಕಾದರೂ ಸಾರ್ಥಕವೆನ್ನಬೇಕು.

ಮಿಂಚಂಚೆಯ ವಿಷಯದಲ್ಲಿ ಮಾತ್ರ ನಾನು ಸೋಲೊಪ್ಪಿಕೊಂಡಿದ್ದೇನೆ. ಕನ್ನಡ ಅಕ್ಷರಗಳ ಅಂಚೆ ವಿಳಾಸಕ್ಕೆ ಮಾನದಂಡ 2012ರಿಂದ ಇದೆ, ಆದರೆ ಸಭಾಂಗಣ ಕಾಯ್ದಿರಿಸುವ ಅರ್ಜಿಯಲ್ಲಿ ಅದನ್ನು ತುಂಬಿದಾಗ ‘ಸರಿಯಾದ ಇಮೇಲ್ ನಮೂದಿಸಿ’ ಎಂಬ ಕೆಂಪು ಸಾಲು ಮೂರು ಸಲ ಬಂತು. ನಾಲ್ಕನೆಯ ಸಲ ನನ್ನ ಹಳೆಯ ಇಂಗ್ಲಿಷ್ ವಿಳಾಸವನ್ನೇ ಕೊಟ್ಟೆ.

ಈ ವರ್ಷದ ಕರಪತ್ರದಲ್ಲಿ ಕನ್ನಡದ ವಿಳಾಸ ದೊಡ್ಡದಾಗಿ ಇರುತ್ತದೆ, ಅದರ ಕೆಳಗೆ ರೋಮನ್ನಿನದು ಸಣ್ಣದಾಗಿ, ಪಕ್ಕದಲ್ಲಿ ಕ್ಯೂಆರ್ ಸಂಕೇತ. ಮುದ್ರಣಕ್ಕೆ ಕಳಿಸುವ ಮುನ್ನ ಕಡತದಲ್ಲಿ ಸೊನ್ನೆ ಅಂಕಿಯನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿನ್ನೆ ಹುಡುಕಿದಾಗ ಹದಿನಾಲ್ಕು ಸಿಕ್ಕವು, ಅವುಗಳಲ್ಲಿ ನಿಜವಾದ ಸೊನ್ನೆ ಒಂದೂ ಇರಲಿಲ್ಲ.