ಸೋಮವಾರದ ಮೈಕು: ಪಬ್ಬಿನ ಟೆರೇಸಿನಲ್ಲೊಂದು ಓಪನ್ ಮೈಕ್, ಈವರೆಗಿನ ಪ್ರಗತಿ

ಮಾರ್ಚ್

ಜೆ.ಪಿ. ನಗರದ ಚಿಕ್ಕ ಪಬ್ಬೊಂದರ ಟೆರೇಸಿನಲ್ಲಿ ತಿಂಗಳಿಗೆರಡು ಸೋಮವಾರ ಓಪನ್ ಮೈಕ್, ಅಂದರೆ ಯಾರು ಬೇಕಾದರೂ ಹೆಸರು ಬರೆಸಿ ಮೈಕು ಹಿಡಿಯಬಹುದಾದ ಕಾರ್ಯಕ್ರಮ, ನಡೆಸಲು ಮಾಲೀಕರು ಒಪ್ಪಿದ್ದಾರೆ. ಸೋಮವಾರ ಮಾಂಸ, ಮದ್ಯ ಮುಟ್ಟದ ಗಿರಾಕಿಗಳು ಬಹಳವಿರುವುದರಿಂದ ಅಂದು ಮೇಜುಗಳು ಹೇಗೂ ಖಾಲಿ; ಕವಿತೆ ಓದಲು ಬರುವವರು ನಿಂಬೆ ಸೋಡಾ ಕುಡಿದರೂ ಮಾಲೀಕರಿಗೆ ಲಾಭವೇ.

ಮಾತುಕತೆಗೆ ಕುಳಿತಾಗ ನಾನು ಮೊದಲು ಕೇಳಿದ್ದು ಪೊಲೀಸ್ ಪರವಾನಗಿಯ ಬಗ್ಗೆ. ಬೆಂಗಳೂರಿನ ಬಾರ್, ರೆಸ್ಟೋರೆಂಟುಗಳಲ್ಲಿ ಸಂಗೀತ ಕಾರ್ಯಕ್ರಮ ನಡೆಸಲು 2005ರ ಆದೇಶವೊಂದರ ಪ್ರಕಾರ ಪರವಾನಗಿ ಬೇಕು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ನಗರದ ಎಷ್ಟೋ ಪಬ್‌ಗಳಲ್ಲಿ ಹಾಡು ನಿಂತೇ ಹೋಗಿತ್ತು. ಇಲ್ಲಿ ಪರವಾನಗಿ ಇದೆ. ಆದರೆ ಸುತ್ತ ತೆರೆದ ಟೆರೇಸಾದ್ದರಿಂದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲ, ಹಿಂಬದಿಯಲ್ಲಿ ಮನೆಗಳೂ ಇವೆ. ಹೀಗಾಗಿ 7.30ಕ್ಕೆ ಶುರುಮಾಡಿ 9.45ಕ್ಕೆ ಮುಗಿಸುವುದೆಂದು ಗೊತ್ತುಮಾಡಿಕೊಂಡೆವು. ನಡುವಿನ 15 ನಿಮಿಷದ ವಿರಾಮ ಕಳೆದರೆ ಉಳಿಯುವುದು 120 ನಿಮಿಷ. ಒಬ್ಬರಿಗೆ 6 ನಿಮಿಷ, ಹತ್ತಿ ಇಳಿಯುವುದಕ್ಕೆ 2 ನಿಮಿಷ ಎಂದು ಹಿಡಿದರೆ 15 ಸರದಿ. ಸಂಜೆಯ ಸ್ವರೂಪವೆಲ್ಲ ಈ ಲೆಕ್ಕದಿಂದಲೇ ಹುಟ್ಟಿದೆ.

ಏಪ್ರಿಲ್, ಮೇ

ಮೈಕು ಶ್ಯೂರ್ ಎಸ್‌ಎಂ58. 1966ರಿಂದ ತಯಾರಾಗುತ್ತಿರುವ ಈ ಮೈಕು ಮುಂದಿನಿಂದ ಬರುವ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ಬೆನ್ನ ಹಿಂದಿನಿಂದ ಬರುವುದಕ್ಕೆ ಬಹುಮಟ್ಟಿಗೆ ಕಿವುಡು. ಆದ್ದರಿಂದ ಹಾಡುವವರಿಗೆ ತಮ್ಮ ದನಿ ಕೇಳಿಸಲು ಇಡುವ ಮಾನಿಟರ್ ಸ್ಪೀಕರನ್ನು ಮೈಕಿನ ನೇರ ಹಿಂಬದಿಗೆ ಇಟ್ಟರೆ, ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕು ಕೂಗು ಹುಟ್ಟುವುದು ಕಡಿಮೆ. ಹಾಗಿದ್ದೂ ರ್‍ಯಾಪ್ ಮಾಡುವ ಹುಡುಗನೊಬ್ಬ ಜಾಲರಿಯ ಗುಂಡನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ ಕೂಡಲೇ ಸ್ಪೀಕರ್ ಚೀರಿತು. ಜಾಲರಿಯ ಕೆಳಭಾಗದ ಗಾಳಿದಾರಿ ಮುಚ್ಚಿದರೆ ಮೈಕು ತನ್ನ ದಿಕ್ಕನ್ನು ಕಳೆದುಕೊಂಡು ಸುತ್ತಲಿನದನ್ನೆಲ್ಲ ಹಿಡಿಯತೊಡಗುತ್ತದೆ. ಈಗ ಹಿಡಿಕೆಗೆ ಕೆಂಪು ಟೇಪು ಸುತ್ತಿ, "ಕೈ ಈ ಗೆರೆಯ ಕೆಳಗಿರಲಿ" ಎಂದು ಎಲ್ಲರಿಗೂ ಹೇಳುತ್ತೇನೆ. ಕವಿಗಳ ಕಷ್ಟ ಬೇರೆ: ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಮೈಕು ಹಿಡಿದು ಓದುತ್ತಾ ಹೋದಂತೆ ಮೈಕು ಎದೆಯ ಮಟ್ಟಕ್ಕೆ ಇಳಿದು, ಎರಡನೆಯ ಪದ್ಯದ ಹೊತ್ತಿಗೆ ಅವರ ದನಿ ಹಿಂದಿನ ಮೇಜನ್ನು ಮುಟ್ಟುವುದೇ ಇಲ್ಲ. ಅವರಿಗೆ ಸ್ಟ್ಯಾಂಡ್ ಕಡ್ಡಾಯ.

ಸರದಿಯನ್ನು ಮೊದಲು ಚೀಟಿ ಎತ್ತಿ ನಿರ್ಧರಿಸುತ್ತಿದ್ದೆವು. ಅದು ನ್ಯಾಯವಾಗಿತ್ತು, ಆದರೆ ಕೇಳುವವರಿಗೆ ಹಿತವಾಗಿರಲಿಲ್ಲ. ಈಗ ಗ್ಲಾಸುಗಳು ಇನ್ನೂ ಮೊದಲ ಸುತ್ತಿನಲ್ಲಿರುವಾಗ ಕವಿತೆ, ಆಮೇಲೆ ಹಾಸ್ಯ. ಗಿಟಾರ್ ಜೋಡಿಸಲು ಹೊತ್ತು ಬೇಕಾಗುವುದರಿಂದ ಅದನ್ನು ವಿರಾಮದ ಬೆನ್ನಿಗೇ ಇಡುತ್ತೇವೆ. ಸಮಯ ಮೀರದಿರಲೆಂದು 5ನೆಯ ನಿಮಿಷಕ್ಕೆ ಮೊಬೈಲ್ ಟಾರ್ಚಿನ ಮೇಲೆ ಕೆಂಪು ಜಿಲೇಟಿನ್ ಕಾಗದ ಹಿಡಿದು ತೋರಿಸುತ್ತೇನೆ. ಹಾಸ್ಯದವರು ಅದನ್ನು ಕಂಡೊಡನೆ ಕೊನೆಯ ಜೋಕಿಗೆ ಹಾರುತ್ತಾರೆ. ಕವಿಗಳು ನನ್ನತ್ತ ನೋಡಿ ನಕ್ಕು, "ಇನ್ನೊಂದೇ ಒಂದು" ಎನ್ನುತ್ತಾರೆ.

ಸ್ವಂತ ಬರಹ ಮಾತ್ರ ಎಂಬ ನಿಯಮವನ್ನೂ ಇಟ್ಟುಕೊಂಡಿದ್ದೇನೆ. ಸಿನಿಮಾ ಹಾಡಿಗೆ ಅವಕಾಶ ಕೊಟ್ಟರೆ ಹಕ್ಕುಸ್ವಾಮ್ಯದ ಪರವಾನಗಿಯ ತಲೆನೋವು ಒಂದೆಡೆ, ಇನ್ನೊಂದೆಡೆ ಅರ್ಧ ಗಂಟೆಯೊಳಗೆ ಅದು ಕರೋಕೆಯಾಗಿಬಿಡುತ್ತದೆ. ಭಾಷೆಗೆ ಮಾತ್ರ ಕಟ್ಟುಪಾಡಿಲ್ಲ. ಒಬ್ಬರು ಅಪ್ಪಟ ಕುಂದಾಪುರ ಕನ್ನಡದಲ್ಲಿ ಅತ್ತೆಮನೆಯ ಕಥೆ ಹೇಳಿದಾಗ ಕರಾವಳಿಯವರ ಮೇಜು ಮೊದಲು ನಕ್ಕಿತು, ಉಳಿದವರು ಅವರ ನಗು ನೋಡಿ ನಕ್ಕರು. ಆ ಸಂಜೆಯ ಅತ್ಯುತ್ತಮ 6 ನಿಮಿಷ ಅದೇ.

ಐಪಿಎಲ್ ದಿನಗಳಲ್ಲಿ ಆರ್‌ಸಿಬಿ ಆಟವಿದ್ದ ಸೋಮವಾರ ಕಾರ್ಯಕ್ರಮವನ್ನೇ ಮುಂದೂಡಿದೆವು. ಅಂಥ ರಾತ್ರಿ ಟಿವಿಯ ದನಿ ತಗ್ಗಿಸಿ ಎಂದು ಪಬ್ಬಿನ ಮಾಣಿಗಳ ಮೇಲ್ವಿಚಾರಕನಾದ ಕ್ಯಾಪ್ಟನ್ನನ್ನು ಕೇಳುವ ಧೈರ್ಯ ನನಗಂತೂ ಇಲ್ಲ.

ಜೂನ್

ಮುಂಗಾರು ಶುರುವಾದ ಮೇಲೆ ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಯಾವ ಮೈಕೂ ಸಾಲದಾಗಿ, ಕಾರ್ಯಕ್ರಮ ಕೆಳಗಿನ ಮುಚ್ಚಿದ ಕೋಣೆಗೆ ಇಳಿದಿದೆ. ಅಲ್ಲಿ ಮಾಡು ತಗ್ಗು, ಗೋಡೆಗೆಲ್ಲ ಟೈಲ್ಸ್. ಮಾತಿನ ಪ್ರತಿಧ್ವನಿ ಮಾತಿಗೇ ಅಡ್ಡ ಬರುತ್ತದೆ. ಗೋಡೆಗೆ ದಪ್ಪ ಪರದೆ ಕಟ್ಟಿ, ಸ್ಪೀಕರನ್ನು ಆಳೆತ್ತರಕ್ಕೆ ಏರಿಸಿ ಮೇಜುಗಳ ಕಡೆಗೆ ತಿರುಗಿಸಿದ ಮೇಲೆ ಸಾಕಷ್ಟು ಸುಧಾರಿಸಿದೆ. ಬಾರ್ ಕೌಂಟರಿನ ಮಿಕ್ಸಿ ಮಾತ್ರ ಈಗ ಹತ್ತೇ ಹೆಜ್ಜೆ ದೂರದಲ್ಲಿದೆ. ಒಬ್ಬರ ಸರದಿ ಮುಗಿದು ಚಪ್ಪಾಳೆ ಬೀಳುವಾಗ ಅದನ್ನು ತಿರುಗಿಸುವುದೆಂದು ಬಾರಿನ ಹುಡುಗನೇ ಉಪಾಯ ಸೂಚಿಸಿದ, ಅದರಂತೆಯೇ ನಡೆಯುತ್ತಿದೆ.

ಗಿಟಾರನ್ನು ನೇರವಾಗಿ ದನಿ ಹೊಂದಿಸುವ ಮಿಕ್ಸರಿಗೆ ಜೋಡಿಸಲು ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆಯೊಂದನ್ನು ಕೊಳ್ಳಬೇಕಿದೆ. ಅರ್ಧ ಹಣ ಮಾಲೀಕರು ಕೊಡುತ್ತಾರೆ. ಇನ್ನರ್ಧಕ್ಕೆ ಹೆಸರು ಬರೆಸುವವರಿಂದ ಶುಲ್ಕ ತೆಗೆದುಕೊಳ್ಳಿ ಎಂಬುದು ಅವರ ಸಲಹೆ. ಮೊದಲ ಸಲ ಮೈಕು ಹಿಡಿಯುವವರಿಂದ ದುಡ್ಡು ಕೇಳುವುದಕ್ಕೆ ನನಗೆ ಮನಸ್ಸಿಲ್ಲ. ಜುಲೈಯಿಂದ ಬಾಗಿಲ ಬಳಿ ಡಬ್ಬಿಯೊಂದನ್ನಿಟ್ಟು ನೋಡುವುದೆಂದು ಸದ್ಯಕ್ಕೆ ತೀರ್ಮಾನವಾಗಿದೆ.