ಬೀಟಲ್ ಸ್ಟಾರ್ಟರ್‌ನ ಸದ್ದು, 1.6 ಮಿಲಿಮೀಟರ್ ಸಂದು

17 ನವೆಂಬರ್ 2024, ಭಾನುವಾರ
ಬೆಂಗಳೂರು

ಮೂರು ತಿಂಗಳಿಂದ ಕಾಡುತ್ತಿದ್ದ ಸದ್ದು ಇವತ್ತು ನಿಂತಿತು. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಹಳೇ ಬೀಟಲ್‌ಗೆ ದೊಡ್ಡ ಎಂಜಿನ್ ಕೂರಿಸಿಕೊಂಡವರು ಇನ್ನೂ ಇದ್ದಾರೆ, ಅವರಿಗೂ ಬೇಕಾಗಬಹುದು.

ಗಾಡಿ ಅಪ್ಪನದು. 1963ರ ಫೋಕ್ಸ್‌ವ್ಯಾಗನ್ ಬೀಟಲ್. ಮೊದಲು ಇದ್ದದ್ದು 1200 ಸಿಸಿ ಎಂಜಿನ್, 6 ವೋಲ್ಟ್ ವೈರಿಂಗ್. ಆ ಎಂಜಿನ್ನಿನ ಕೇಸ್ ಬಿರುಕು ಬಿಟ್ಟಿತು. ಈ ವರ್ಷ 1600 ಎಂಜಿನ್ ಹಾಕಿಸಿದೆ, ವೈರಿಂಗ್ ಪೂರ್ತಿ 12 ವೋಲ್ಟ್ ಆಯಿತು. ಹೊಸ ಎಂಜಿನ್ ನಂಬರ್ ಆರ್‌ಸಿಗೂ ಹತ್ತಿಸಿದ್ದೇನೆ. ಗೇರ್‌ಬಾಕ್ಸ್ ಮಾತ್ರ ಹಳೆಯದೇ ಉಳಿಯಿತು.

ಆಗಿನಿಂದಲೇ ತೊಂದರೆ. ಐದು ಸಲ ಕೀ ತಿರುಗಿಸಿದರೆ ಎರಡು ಸಲ 'ಕರ್ರ್' ಅಂತ ಹಲ್ಲು ಉಜ್ಜುವ ಸದ್ದು. ಒಮ್ಮೊಮ್ಮೆ ಎಂಜಿನ್ ಶುರುವಾದ ಮೇಲೂ ಸ್ಟಾರ್ಟರ್ (ಎಂಜಿನ್ನನ್ನು ತಿರುಗಿಸಿ ಶುರು ಮಾಡುವ ಮೋಟರ್) ಬಿಡುತ್ತಲೇ ಇರಲಿಲ್ಲ. ಆ ಸದ್ದು ಕೇಳಿದರೆ ಹೊಟ್ಟೆಯಲ್ಲಿ ಸಂಕಟ. ಎಂಜಿನ್ ಕೂರಿಸಿದ ಗ್ಯಾರೇಜಿನವರು ಮೊದಲು ಬ್ಯಾಟರಿ ವೀಕ್ ಅಂದರು. ಆಮೇಲೆ ಸ್ಟಾರ್ಟರ್ ಹೋಗಿದೆ ಅಂದರು. ಹೊಸ ಸ್ಟಾರ್ಟರ್ ಬಂತು, ಎರಡೇ ದಿನಕ್ಕೆ ಮತ್ತೆ ಅದೇ ಸದ್ದು. ಕೊನೆಗೆ ಫ್ಲೈವೀಲ್ (ಸ್ಟಾರ್ಟರ್ ತಿರುಗಿಸುವ, ಎಂಜಿನ್ನಿನ ದೊಡ್ಡ ಹಲ್ಲುಚಕ್ರ) ಬದಲಾಯಿಸಬೇಕು ಅಂದಾಗ ಗಾಡಿ ಮನೆಗೆ ತಂದೆ.

ಮೊದಲು ಕರೆಂಟಿನ ಕಡೆ ನೋಡಿದೆ. ಬ್ಯಾಟರಿ 12.6 ವೋಲ್ಟ್, ಸ್ಟಾರ್ಟರ್ ತಿರುಗುವಾಗ 10.4. ಪರವಾಗಿಲ್ಲ. ಬೀಟಲ್‌ನಲ್ಲಿ ಗೇರ್‌ಬಾಕ್ಸ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ, ಅದಕ್ಕೆ ಬಾಡಿಯಿಂದ ಅರ್ತ್ ಪಟ್ಟಿ ಬೇಕೇ ಬೇಕು. ಅದನ್ನೂ ಬಿಚ್ಚಿ ಉಜ್ಜಿ ಹಾಕಿದೆ. ಸದ್ದು ಹಾಗೇ ಇತ್ತು.

ಆಮೇಲೆ ಸ್ಟಾರ್ಟರ್ ಬಿಚ್ಚಿ ಆ ತೂತಿನೊಳಗೆ ಟಾರ್ಚ್ ಬಿಟ್ಟೆ. ಡೈನಮೋ ಪುಲ್ಲಿಯ ನಟ್ಟಿಗೆ 21ರ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಮೆಲ್ಲಗೆ ತಿರುಗಿಸುತ್ತಾ, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಿದೆ. 130 ಹಲ್ಲು. ಅಂದರೆ 12 ವೋಲ್ಟ್ ಕಾಲದ ಫ್ಲೈವೀಲ್. 6 ವೋಲ್ಟಿನದಾದರೆ 109 ಇರುತ್ತದೆ. ಸ್ಟಾರ್ಟರ್ ಕೂಡ 12 ವೋಲ್ಟಿನದೇ. ಜೋಡಿ ಸರಿಯಾಗಿತ್ತು. ದೊಡ್ಡ ಫ್ಲೈವೀಲ್ ತಾಗದ ಹಾಗೆ ಬೆಲ್ ಹೌಸಿಂಗ್ (ಫ್ಲೈವೀಲನ್ನು ಸುತ್ತುವರಿದ ಗೇರ್‌ಬಾಕ್ಸಿನ ಕವಚ) ಒಳಗೆ ಗ್ರೈಂಡ್ ಮಾಡಬೇಕು, ಅದನ್ನು ಗ್ಯಾರೇಜಿನವರು ನೀಟಾಗಿ ಮಾಡಿದ್ದರು.

ಹಲ್ಲು ಸವೆದದ್ದು ಎರಡೇ ಕಡೆ, ಎದುರುಬದುರು. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಮಾಡಿದಾಗ ಕಂಪ್ರೆಷನ್ ತಡೆದು ಸಾಮಾನ್ಯವಾಗಿ ಆ ಎರಡು ಜಾಗದಲ್ಲೇ ನಿಲ್ಲುತ್ತದೆ. ಹಾಗಾಗಿ ಪ್ರತಿ ಸಲದ ಪೆಟ್ಟೂ ಅಲ್ಲೇ ಬೀಳುತ್ತದೆ. ಆದರೆ ಹೊಸ ಪಿನಿಯನ್, ಅಂದರೆ ಸ್ಟಾರ್ಟರ್ ಶಾಫ್ಟಿನ ಸಣ್ಣ ಹಲ್ಲುಚಕ್ರ, ಯಾಕೆ ಉಜ್ಜಬೇಕು?

ಪಿನಿಯನ್ ಹಲ್ಲುಗಳಿಗೆ ಕಪ್ಪು ಮಾರ್ಕರ್ ಬಳಿದು ಸ್ಟಾರ್ಟರ್ ಕಟ್ಟಿ, ಮೂರು ಸಲ ಕೀ ತಿರುಗಿಸಿ, ಮತ್ತೆ ಬಿಚ್ಚಿದೆ. ಸರಿಯಾಗಿ ಕೂತಿದ್ದರೆ ಹಲ್ಲಿನ ಮುಖದ ಉದ್ದಕ್ಕೂ ಬಣ್ಣ ಹೋಗಿರಬೇಕು. ಇಲ್ಲಿ ಒಂದು ಮೂಲೆಯಲ್ಲಿ ಮಾತ್ರ, ಅಕ್ಕಿಕಾಳಿನಷ್ಟು ಜಾಗ, ಅದೂ ಓರೆಯಾಗಿ ಹೊಳೆಯುತ್ತಿತ್ತು. ಪಿನಿಯನ್ ವಾಲಿಕೊಂಡು ಒಳಗೆ ಹೋಗುತ್ತಿದೆ ಅಂತ ಆಗ ಗೊತ್ತಾಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಕೀ ತಿರುಗಿಸಿದಾಗ ಸೊಲೆನಾಯ್ಡ್ ಒಂದು ಫೋರ್ಕ್ ಎಳೆದು ಪಿನಿಯನ್ನನ್ನು ಫ್ಲೈವೀಲ್ ಕಡೆ ತಳ್ಳುತ್ತದೆ. ಅದು ಹಲ್ಲಿಗೆ ಕೂತ ಮೇಲೆ ಮೋಟರಿಗೆ ಪೂರ್ತಿ ಕರೆಂಟ್ ಸಿಗುತ್ತದೆ. ಈಗಿನ ಎಷ್ಟೋ ಗಾಡಿಗಳಲ್ಲಿ ಆ ಶಾಫ್ಟಿನ ತುದಿಗೆ ಆಧಾರ ಸ್ಟಾರ್ಟರ್‌ನ ಮೂತಿಯಲ್ಲೇ ಇರುತ್ತದೆ. ಬೀಟಲ್‌ನಲ್ಲಿ ಹಾಗಿಲ್ಲ. ಶಾಫ್ಟಿನ ತುದಿ ಗೇರ್‌ಬಾಕ್ಸಿನ ಬೆಲ್ ಹೌಸಿಂಗ್‌ನಲ್ಲಿರುವ ಒಂದು ಪುಟ್ಟ ಬುಷ್‌ನೊಳಗೆ (ಶಾಫ್ಟಿಗೆ ಆಧಾರ ಕೊಡುವ ಲೋಹದ ಬಳೆ) ಹೋಗಿ ಕೂರಬೇಕು. ಸ್ಟಾರ್ಟರ್ ಬದಲಾಯಿಸಿದರೂ ಆ ಬುಷ್ ಗೇರ್‌ಬಾಕ್ಸ್‌ನಲ್ಲೇ ಉಳಿಯುತ್ತದೆ.

ಕಳೆದ ಭಾನುವಾರ ಭಾವನನ್ನು ಕರೆಸಿಕೊಂಡು ಎಂಜಿನ್ ಇಳಿಸಿದೆ. ಬೀಟಲ್ ಎಂಜಿನ್ ಗೇರ್‌ಬಾಕ್ಸಿಗೆ ಹಿಡಿದಿರುವುದು ನಾಲ್ಕೇ ಕಡೆ, ಅದರಲ್ಲಿ ಒಂದು ಬೋಲ್ಟ್ ಸ್ಟಾರ್ಟರನ್ನೂ ಹಿಡಿದಿರುತ್ತದೆ. ಬುಷ್ ಒರೆಸಿ ವರ್ನಿಯರ್ ಇಟ್ಟೆ. 12.5 ಮಿಲಿಮೀಟರ್. ಸ್ಟಾರ್ಟರ್ ಶಾಫ್ಟ್ 10.9. ಭಾವ ಇನ್ನೊಂದು ಸಲ ಅಳೆದರು. ಅಷ್ಟೇ ಬಂತು. 6 ವೋಲ್ಟ್ ಸ್ಟಾರ್ಟರಿನ ದಪ್ಪ ಶಾಫ್ಟಿಗೆಂದು ಇದ್ದ ಬುಷ್‌ನಲ್ಲಿ 12 ವೋಲ್ಟಿನ ಸಣ್ಣ ಶಾಫ್ಟ್ 1.6 ಮಿಲಿಮೀಟರ್ ಸಂದಿನಲ್ಲಿ ಅಲ್ಲಾಡುತ್ತಿತ್ತು. "ಇಷ್ಟಕ್ಕೆ ಫ್ಲೈವೀಲ್ ಬದಲಾಯಿಸು ಅಂದ್ರಾ?" ಅಂದರು ಭಾವ. ನನಗೆ ಸಿಟ್ಟೂ ಬಂತು, ಖುಷಿಯೂ ಆಯಿತು.

ಈ ಬದಲಾವಣೆಗೆ ಅಂತಲೇ ರೆಡಿಮೇಡ್ ಬುಷ್ ಹೊರದೇಶದಲ್ಲಿ ಸಿಗುತ್ತದೆ. ಕಾಯುವ ತಾಳ್ಮೆ ನನಗಿರಲಿಲ್ಲ. ಗುರುವಾರ ಪೀಣ್ಯದ ಒಂದು ಲೇತ್ ಅಂಗಡಿಗೆ ಹೋದೆ. ಅಳತೆ ಬರೆದ ಚೀಟಿ ಕೊಟ್ಟರೆ ಅಲ್ಲಿದ್ದ ಹಿರಿಯರು ಮುಟ್ಟಲೇ ಇಲ್ಲ. "ಚೀಟಿ ಬೇಡ ಸಾರ್, ಶಾಫ್ಟ್ ಕೊಡಿ" ಅಂದರು. ಗನ್‌ಮೆಟಲ್ (ಒಂದು ಬಗೆಯ ಕಂಚು) ತುಂಡೊಂದನ್ನು ಲೇತಿಗೆ ಕಟ್ಟಿ, ಒಂದೊಂದು ಸಲ ಕೊರೆದಾಗಲೂ ನಿಲ್ಲಿಸಿ ಶಾಫ್ಟ್ ತೂರಿಸಿ ನೋಡುತ್ತಿದ್ದರು. ಕೊನೆಯಲ್ಲಿ ಒಂದು ಹನಿ ಆಯಿಲ್ ಬಿಟ್ಟು ಶಾಫ್ಟ್ ಮೇಲೆ ಬುಷ್ ಇಟ್ಟರು. ಅದು ತನ್ನ ಭಾರಕ್ಕೇ ನಿಧಾನವಾಗಿ ಜಾರಿ ಇಳಿಯಿತು. ಬೆರಳಲ್ಲಿ ಅಲ್ಲಾಡಿಸಿದೆ, ಚೂರೂ ಆಟ ಇರಲಿಲ್ಲ. ಅಂಥ ಕೈ ನೋಡಿದರೆ ಗೌರವ ಬರುತ್ತದೆ.

ನಿನ್ನೆ ರಾತ್ರಿ ಬುಷ್ ಫ್ರೀಜರಿನಲ್ಲಿತ್ತು, ಅಮ್ಮ ಬಿಡಿಸಿಟ್ಟ ಅವರೆಕಾಳಿನ ಪಕ್ಕದಲ್ಲಿ. ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗುತ್ತದೆ, ಹೊಡೆದು ಕೂರಿಸುವುದು ಸುಲಭ. ಬೆಳಗ್ಗೆ ಹಳೇ ಬುಷ್ ತೆಗೆದು ಇದನ್ನು ಕೂರಿಸಿದೆ. ಕೂತ ಮೇಲೆ ಒಳಗಿನ ತೂತು ಸ್ವಲ್ಪ ಬಿಗಿಯಾಯಿತು. ಹಾಗಾಗುವುದು ಸಹಜ, ಶಾಫ್ಟ್ ಹಾಕಿ ನೋಡದೆ ಎಂಜಿನ್ ಏರಿಸಬೇಡಿ. ಸಣ್ಣ ಎಮರಿ ಪೇಪರ್ ಸುತ್ತಿದ ಕಡ್ಡಿಯಲ್ಲಿ ಹತ್ತು ನಿಮಿಷ ಉಜ್ಜಿ ಸಡಿಲ ಮಾಡಿದೆ. ಮೂಲ ಬುಷ್ ಎಣ್ಣೆ ಕುಡಿಯುವ ಜಾತಿಯದು, ಗನ್‌ಮೆಟಲ್ ಹಾಗಲ್ಲ. ಅದಕ್ಕೇ ಒಳಗೆ ತೆಳ್ಳಗೆ ಗ್ರೀಸ್ ಹಚ್ಚಿದೆ. ಜಾಸ್ತಿ ಹಚ್ಚಿದರೆ ಕ್ಲಚ್ ಪ್ಲೇಟಿಗೆ ಸಿಡಿಯುತ್ತದೆ. ಫ್ಲೈವೀಲ್ ಹಲ್ಲಿನ ಮೇಲೆದ್ದ ಚೂರುಗಳನ್ನು ಅರದಲ್ಲಿ ಉಜ್ಜಿ ತೆಗೆದೆ.

ಸಂಜೆ ಐದಕ್ಕೆ ಕೀ ತಿರುಗಿಸಿದೆ. 'ಟಕ್', ಆಮೇಲೆ ಎಂಜಿನ್. ಇಪ್ಪತ್ತು ಸಲ ಆಫ್ ಮಾಡಿ ಸ್ಟಾರ್ಟ್ ಮಾಡಿದೆ, ಒಂದು ಸಲವೂ ಉಜ್ಜಲಿಲ್ಲ. ಮತ್ತೆ ಮಾರ್ಕರ್ ಬಳಿದು ನೋಡಿದೆ, ಈ ಸಲ ಬಣ್ಣ ಹಲ್ಲಿನ ಉದ್ದಕ್ಕೂ ಹೋಗಿತ್ತು.

ಸವೆದ ಆ ಎರಡು ಜಾಗ ಇನ್ನೂ ಇದೆ. ಸಾವಿರ ಕಿಲೋಮೀಟರ್ ಓಡಿಸಿ, ಸ್ಟಾರ್ಟರ್ ಬಿಚ್ಚಿ ಮತ್ತೆ ಟಾರ್ಚ್ ಬಿಟ್ಟು ನೋಡಬೇಕು. ನಾಳೆ ಕಾರ್ತಿಕ ಸೋಮವಾರ. ಗವಿಪುರದ ಗಂಗಾಧರೇಶ್ವರನ ದೇವಸ್ಥಾನಕ್ಕೆ ಇದರಲ್ಲೇ ಹೋಗೋಣ ಅಂದಿದ್ದಾರೆ ಅಮ್ಮ. ಐದೂವರೆಗೆ ಹೊರಡಬೇಕು.