ಕೋಟಿಗೆ ಬಿಸಿ ಕಡಿಮೆ ಸಾಕು, ತಣಿಯಲು ಹೊತ್ತು ಬೇಕು

ಮನೆಯಲ್ಲಿ ಇಸ್ತ್ರಿ ಹಾಕಿ ಹಾಳಾದ ಕೋಟುಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಕಥೆ. ಜಾಸ್ತಿ ಬಿಸಿ, ಜಾಸ್ತಿ ಉಜ್ಜಾಟ, ಬಿಸಿ ಆರುವ ಮೊದಲೇ ಮೈಮೇಲೆ. ಕಾರವಾರದ ಒಂದು ಲಾಂಡ್ರಿಯಲ್ಲಿ ಪ್ರೆಸ್ಸಿಂಗ್ ಟೇಬಲ್ ನನ್ನದು. ಇಂಥ ಕೋಟುಗಳು ಬರುತ್ತಲೇ ಇರುತ್ತವೆ. ಆದರೆ ಈ ಮಳೆಗಾಲದಲ್ಲಿ ಬಂದ ಒಂದು ಕಪ್ಪು ಕೋಟು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಶಟರ್ ಎತ್ತುವಾಗಲೇ ಹುಡುಗ ಬಾಗಿಲಲ್ಲಿ ನಿಂತಿದ್ದ. ಶಿರಸಿ ಕಡೆಯವನು. ಇಲ್ಲಿ ರೂಮು ಮಾಡಿಕೊಂಡು ಹಿರಿಯ ವಕೀಲರೊಬ್ಬರ ಹತ್ತಿರ ಸೇರಿದ್ದಾನೆ. ಅವತ್ತು ಮೊದಲ ಸಲ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುವವನಿದ್ದ. 10.30ಕ್ಕೆ ಅಲ್ಲಿರಬೇಕು ಅಂತ ಹಿರಿಯರು ಹೇಳಿದ್ದರಂತೆ. ಕೊಡೆ ಹಿಡಿದು ತಾನು ನೆನೆದಿದ್ದ, ಕೋಟನ್ನು ಮಾತ್ರ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಣಗಿದ್ದ ಹಾಗೇ ತಂದಿದ್ದ.

"ಅಣ್ಣಾ, ಎಂತಾದ್ರೂ ಮಾಡಿಕೊಡಿ. ರಾತ್ರಿ ನಾನೇ ಇಸ್ತ್ರಿ ಹಾಕಿದೆ, ಹೀಗಾಗಿಹೋಯ್ತು."

ಟೇಬಲ್ ಮೇಲೆ ಹರಡಿದೆ. ಬಲಗಡೆ ಜೇಬಿನ ಮುಚ್ಚಳದ ಅಚ್ಚು ಬಟ್ಟೆಯ ಮೇಲೆ ಮೂಡಿತ್ತು. ಹೊಲಿಗೆ ಇರುವ ಕಡೆಯೆಲ್ಲ ಶೈನ್. ಎಡಗಡೆ ಲೇಪಲ್ ಕೆಳಗೆ, ಅಂದರೆ ಕಾಲರಿನಿಂದ ಮಡಚಿ ಬರುವ ಪಟ್ಟಿಯ ಕೆಳಗೆ, ಎದೆಯ ಮೇಲೆ ಬಟ್ಟೆ ಗುಳ್ಳೆಯ ಹಾಗೆ ಉಬ್ಬಿ ಬಬಲ್ ಎದ್ದಿತ್ತು. ಘಟ್ಟ ಇಳಿದು ಬರುವಾಗ ಕೋಟು ಬ್ಯಾಗಿನಲ್ಲಿ ಮಡಚಿಕೊಂಡಿತ್ತು. ಇಸ್ತ್ರಿ ಪೆಟ್ಟಿಗೆಯನ್ನು ಕಾಟನ್ ಗುರುತಿಗೆ ತಿರುಗಿಸಿ ಒಣ ಬಟ್ಟೆಯ ಮೇಲೇ ಎಳೆದಿದ್ದಾನೆ. ಸುಕ್ಕು ಹೋಗಲಿಲ್ಲ ಅಂತ ಇನ್ನೂ ಒತ್ತಿದ್ದಾನೆ. ತಪ್ಪು ಅವನದು ಅಂತ ನನಗೆ ಅನ್ನಿಸಲಿಲ್ಲ. ಶರ್ಟಿಗೆ ಮನೆಯಲ್ಲಿ ಹಾಗೇ ಮಾಡುತ್ತಾರೆ ಅಲ್ವಾ? ಕೋಟು ಬೇರೆ ತರಹ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಟೈಲರ್ ಹೊಲಿದ ಕೋಟು, ಲೇಬಲ್ ಇಲ್ಲ. ಇದು ನನ್ನ ದೊಡ್ಡ ತಕರಾರು. ಅಷ್ಟು ದುಡ್ಡು ತೆಗೆದುಕೊಂಡು ಹೊಲಿಯುವವರು ಬಟ್ಟೆ ಯಾವುದು ಅಂತ ಒಂದು ಚೀಟಿ ಬರೆದು ಕೊಟ್ಟರೆ ಸಾಕು. ಹುಡುಗನನ್ನು ಕೇಳಿ, ಒಳಗಿನ ಹೊಲಿಗೆಯ ಅಂಚಿನಿಂದ ನಾಲ್ಕು ಎಳೆ ತೆಗೆದು ಕಡ್ಡಿ ಗೀರಿ ಸುಟ್ಟೆ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಲ್ಲಿ ಮಣಿಯೇ ಕಂಡಿತು.

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಉಣ್ಣೆಯ ಶೈನ್ ಅಂದರೆ ಹೆಚ್ಚಾಗಿ ಎಳೆ ಚಪ್ಪಟೆಯಾಗಿ ಮಲಗಿರುವುದು. ಬಿಳಿ ವಿನೆಗರ್‌ಗೆ ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಮೇಲಿಟ್ಟು ಆವಿ ಕೊಟ್ಟು ಬ್ರಷ್ ಮಾಡಿದರೆ ಬಹಳಷ್ಟು ಏಳುತ್ತದೆ. ಪಾಲಿಯೆಸ್ಟರ್ ಎಳೆಯೇ ಕರಗಿ ಹೊಳೆದರೆ ಅದು ಹಾಗೇ ಉಳಿಯುತ್ತದೆ. "ತಮ್ಮಾ, ಈ ಹೊಳಪು ಪೂರ್ತಿ ಹೋಗೋದಿಲ್ಲ. ಸುಕ್ಕು ತೆಗೆಯಬಹುದು. ಬಬಲ್ ಕೂರಿಸಿ ನೋಡಬಹುದು, ಆದರೆ ಇನ್ನೂ ಏಳಲೂಬಹುದು. ಮಾಡಲಾ?" ಅಂತ ಕೇಳಿದೆ. ಅವನು ಗಡಿಯಾರ ನೋಡಿ "ಮಾಡಿ ಅಣ್ಣಾ" ಅಂದ.

ಬಾಯ್ಲರ್ ಇನ್ನೂ ಪ್ರೆಶರ್ ಹಿಡಿದಿರಲಿಲ್ಲ. ಮಳೆಗಾಲದ ಬೆಳಿಗ್ಗೆ ವೋಲ್ಟೇಜ್ ಇಲ್ಲದೆ ಅದು ಏಳುವುದೇ ನಿಧಾನ. ಮಾಲೀಕರು ಸೇಲ್‌ನಲ್ಲಿ ತಂದಿಟ್ಟ ಕೈ ಸ್ಟೀಮರ್ ಒಂದಿದೆ. ಅದು ಆವಿಗಿಂತ ಹೆಚ್ಚು ನೀರನ್ನೇ ಉಗುಳುತ್ತದೆ. ಫ್ಯೂಸಿಂಗ್, ಅಂದರೆ ಬಟ್ಟೆಯ ಒಳಗೆ ಅಂಟಿಸಿದ ಪದರ, ಎದ್ದಿರುವ ಎದೆಯ ಮೇಲೆ ಅದನ್ನು ಹಿಡಿಯಲು ನನಗೆ ಧೈರ್ಯ ಇರಲಿಲ್ಲ. ಅರ್ಜೆಂಟ್ ಚೀಟಿಗೆ ದರ ಹೆಚ್ಚು ಮಾಡುವವರು ಅರ್ಜೆಂಟ್‌ಗೆ ತಕ್ಕ ಸಾಮಾನು ಕೊಡಬೇಕು. ಇದನ್ನು ಅವರ ಎದುರಿಗೂ ಹೇಳಿದ್ದೇನೆ.

ಕಾದೆ. ಹುಡುಗ ಬೆಂಚಿನ ತುದಿಯಲ್ಲಿ ಕೂತಿದ್ದ. ಹಿಂದೆ ಟೋಕನ್ ಹಿಡಿದವರು ಸಾಲು ಕಟ್ಟಿದ್ದರು. ಬಾಯ್ಲರ್‌ನ ಪ್ರೆಶರ್ ಮುಳ್ಳು ಮೇಲೆ ಬಂದ ಕೂಡಲೇ ಬೆನ್ನು, ತೋಳುಗಳಿಗೆ ಆವಿ ಬಿಟ್ಟು ಪೆಡಲ್ ಒತ್ತಿದೆ. ವ್ಯಾಕ್ಯೂಮ್ ಕೆಳಗಿನಿಂದ ಗಾಳಿ ಎಳೆಯಿತು. ಬ್ಯಾಗಿನ ಮಡಿಕೆಗಳು ಹೋದವು. ಆಮೇಲೆ ಎದೆ. ಒದ್ದೆ ಮಾಡಿ ಹಿಂಡಿದ ಬಟ್ಟೆ ಹಾಸಿದೆ, ಹದ ಬಿಸಿಯ ಪೆಟ್ಟಿಗೆ ಇಟ್ಟೆ, ಉಜ್ಜದೆ ಎತ್ತಿದೆ. ಒಳಗಿನ ಅಂಟು ಮೆತ್ತಗಾಗುವಷ್ಟು ಬಿಸಿ ಬೇಕು, ಬಟ್ಟೆ ಕರಗುವಷ್ಟು ಬೇಡ. ಈ ಎರಡರ ನಡುವೆ ಜಾಗ ತುಂಬಾ ಕಡಿಮೆ. ಬಿಸಿ ಇರುವಾಗಲೇ ಮರದ ಹಲಗೆ ಒತ್ತಿ ಹಿಡಿದು ನಿಂತೆ. ಹುಡುಗ ಎದ್ದು ಬಂದು ಪಕ್ಕದಲ್ಲಿ ನಿಂತ. ಹಲಗೆ ತೆಗೆಯಲು ಕೈ ಹೋಗುತ್ತಿತ್ತು, ತಡೆದುಕೊಂಡೆ. ಬೆಚ್ಚಗಿರುವಾಗ ತೆಗೆದರೆ ಅಂಟು ಮತ್ತೆ ಬಿಡುತ್ತದೆ. ಸಾಲಿನಲ್ಲಿದ್ದ ಮಾಸ್ತರೊಬ್ಬರು "ಮೊದಲು ಆ ಹುಡುಗನದ್ದು ಮುಗಿಸಿ, ನಮಗೆ ಅವಸರ ಇಲ್ಲ" ಅಂದರು. ಆ ಮಾತಿಗೆ ನಾನು ಇಂದಿಗೂ ಋಣಿ.

ಬಬಲ್ ಕೂತಿತು. ಇದು ಮುಂದಿನ ಡ್ರೈಕ್ಲೀನ್‌ವರೆಗೆ ನಿಂತರೆ ದೊಡ್ಡದು ಅಂತಲೂ ಹೇಳಿ ಕಳಿಸಿದೆ. ಜೇಬಿನ ಅಚ್ಚು ಸ್ವಲ್ಪ ಮಾಸಿತು, ಹೋಗಲಿಲ್ಲ. ಕೋರ್ಟಿನ ಹೊತ್ತಿಗೆ ಅವನು ಮುಟ್ಟಿದ.

ಈಗ ವಿಷಯ. ಸುಕ್ಕು ತೆಗೆಯುವುದು ಬಿಸಿಯೊಂದೇ ಅಲ್ಲ. ಹತ್ತಿ, ಲಿನನ್, ಉಣ್ಣೆಯ ಎಳೆಗಳನ್ನು ಒಳಗೆ ಹಿಡಿದಿಡುವ ಸಣ್ಣ ಬಂಧಗಳು ತೇವ ತಾಗಿದಾಗ ಸಡಿಲವಾಗುತ್ತವೆ, ಒಣಗಿ ತಣಿಯುವಾಗ ಮತ್ತೆ ಹಿಡಿಯುತ್ತವೆ. ಹಿಡಿಯುವ ಹೊತ್ತಿಗೆ ಬಟ್ಟೆ ಹೇಗಿರುತ್ತದೋ ಹಾಗೇ ಉಳಿಯುತ್ತದೆ. ಪಾಲಿಯೆಸ್ಟರ್ ಬಿಸಿಗೆ ಮೆತ್ತಗಾಗುತ್ತದೆ, ಅದೂ ತಣಿದ ಮೇಲೇ ಗಟ್ಟಿ. ನಮ್ಮ ವ್ಯಾಕ್ಯೂಮ್ ಮಾಡುವ ಕೆಲಸ ಅಷ್ಟೇ: ತೇವ ಎಳೆದು ಬೇಗ ತಣಿಸುವುದು. ಮನೆಯಲ್ಲಿ ಅದು ಇಲ್ಲ, ಹಾಗಾಗಿ ಹೊತ್ತು ಕೊಡಬೇಕು. ಇಸ್ತ್ರಿ ಮಾಡಿದ ಪ್ಯಾಂಟನ್ನು ಹಲಗೆಯ ಮೇಲೇ ತಣಿಯಲು ಬಿಡಿ. ಬಿಸಿ ಬಿಸಿ ಹಾಕಿಕೊಂಡು ಸ್ಕೂಟರ್ ಹತ್ತಿದರೆ ಮೊಣಕಾಲ ಹಿಂದಿನ ಮಡಿಕೆಗೂ ನೀವೇ ಇಸ್ತ್ರಿ ಹಾಕಿದ ಹಾಗೆ.

ಲೇಬಲ್ ಇದ್ದರೆ ಇಸ್ತ್ರಿ ಚಿತ್ರದೊಳಗಿನ ಚುಕ್ಕೆ ನೋಡಿ. ಒಂದು ಚುಕ್ಕೆ ಅಂದರೆ ಹೆಚ್ಚೆಂದರೆ 110 ಡಿಗ್ರಿ, ಎರಡು 150, ಮೂರು 200. ಲೇಬಲ್ ಇಲ್ಲದ ಕೋಟಿಗೆ ಒಂದು ಚುಕ್ಕೆಯಿಂದಲೇ ಶುರು ಮಾಡಿ, ಒಳಗಿನ ಅಂಚಿನಲ್ಲಿ ಮೊದಲು ಪರೀಕ್ಷೆ. ಕೋಟಿಗೆ ಇಸ್ತ್ರಿಯನ್ನು ನೇರವಾಗಿ ತಾಗಿಸಲೇಬೇಡಿ, ನಡುವೆ ಒಂದು ಬಟ್ಟೆ ಇರಲಿ. ಹಳೇ ಬಿಳಿ ಪಂಚೆಯ ತುಂಡು ಸಾಕು, ಗಂಜಿ ಹಾಕಿದ್ದು ಬೇಡ. ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಮೇಲೆ ಹಾಸಿ, ಒತ್ತಿ, ಎತ್ತಿ, ಮುಂದಿನ ಜಾಗಕ್ಕೆ ಹೋಗಿ. ಜೇಬಿನ ಮುಚ್ಚಳದ ಕೆಳಗೆ ದಪ್ಪ ಕಾಗದ ತೂರಿಸಿದರೆ ಅಚ್ಚು ಬೀಳುವುದಿಲ್ಲ. ತೋಳಿನೊಳಗೆ ಸುತ್ತಿದ ಟವೆಲ್ ಇಡಿ. ಭುಜಕ್ಕೆ ಪೆಟ್ಟಿಗೆ ಒತ್ತಬೇಡಿ, ದಪ್ಪ ಹ್ಯಾಂಗರ್‌ಗೆ ಹಾಕಿ ಆವಿ ಮಾತ್ರ.

ಶರ್ಟು ಸುಲಭ. ಅರೆ ಒದ್ದೆ ಇರುವಾಗಲೇ ಮಾಡಿ, ಕಾಲರ್ ಅನ್ನು ತುದಿಗಳಿಂದ ನಡುವಿಗೆ ತನ್ನಿ. ಪ್ಯಾಂಟಿಗೆ ಎರಡೂ ಹೊಲಿಗೆ ಒಂದರ ಮೇಲೊಂದು ಸರಿಯಾಗಿ ಕೂರಿಸಿದ ಮೇಲೇ ಕ್ರೀಸ್ ಹಾಕಿ. ಇಲ್ಲದಿದ್ದರೆ ಡಬಲ್ ಕ್ರೀಸ್ ಬೀಳುತ್ತದೆ, ಅದನ್ನು ತೆಗೆಯುವುದು ನಮಗೂ ತಲೆನೋವು.

ಬಚ್ಚಲಲ್ಲಿ ಬಿಸಿನೀರು ಬಿಟ್ಟು ಕೋಟು ನೇತುಹಾಕುವ ಉಪಾಯ ಎಲ್ಲರಿಗೂ ಗೊತ್ತು. ಉಣ್ಣೆಗೆ ಚೆನ್ನಾಗಿ ಆಗುತ್ತದೆ, ಹತ್ತಿಗೆ ಅಷ್ಟಾಗಿ ಇಲ್ಲ. ಆದರೆ ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಆವಿ ಹೀರಿದ ಬಟ್ಟೆ ತಾನಾಗಿ ಒಣಗುವುದಿಲ್ಲ, ಜೋತುಬೀಳುತ್ತದೆ. ಹೊರಗೆ ತಂದು ಫ್ಯಾನ್ ಕೆಳಗೆ ಪೂರ್ತಿ ಒಣಗಿಸಲೇಬೇಕು. ಘಟ್ಟದ ಮೇಲಿನವರಿಗೆ ಇನ್ನೊಂದು ಮಾತು: ಹಂಡೆಗೆ ಬೆಂಕಿ ಹಾಕುವ ಬಚ್ಚಲಲ್ಲಿ ಕೋಟು ಬೇಡ. ಹೊಗೆಯ ವಾಸನೆ ಕೋಟಿನೊಳಗಿನ ಕ್ಯಾನ್ವಾಸ್ ಪದರಕ್ಕೆ ಹಿಡಿದರೆ ಬಿಡುವುದಿಲ್ಲ.

ಸ್ಟೀಮ್ ಇಸ್ತ್ರಿ ಇರುವವರು ನೀರು ನೋಡಿ ಹಾಕಿ. ಸಮುದ್ರದ ಹತ್ತಿರದ ಕೆಲವು ಬಾವಿಗಳಲ್ಲಿ ಉಪ್ಪಿನ ಅಂಶ ಜಾಸ್ತಿ. ತೂತುಗಳಲ್ಲಿ ಬಿಳಿ ಪದರ ಕಟ್ಟಿ, ಅದು ಒಂದು ದಿನ ಕಪ್ಪು ಬಟ್ಟೆಯ ಮೇಲೇ ಉದುರುತ್ತದೆ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಡಿಸ್ಟಿಲ್ಡ್ ವಾಟರ್ ಹಾಕಬೇಕು.

ವಕೀಲರಿಗೆ ಕೊನೆಯದಾಗಿ ಒಂದು. ಬೇಸಿಗೆಯಲ್ಲಿ ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟು ಬೇರೆ ಕಡೆ ಕಪ್ಪು ಕೋಟು ಕಡ್ಡಾಯವಲ್ಲ ಅಂತ ಬಾರ್ ಕೌನ್ಸಿಲ್ ನಿಯಮದಲ್ಲೇ ಇದೆ. ಹಾಗಾಗಿ ಬೇಸಿಗೆಯಲ್ಲಿ ಬೆವರಿನ ಕೋಟು ಹಾಗೇ ಕಪಾಟು ಸೇರುತ್ತದೆ, ಜೂನ್‌ನಲ್ಲಿ ಬೂಸು ಹಿಡಿದು ಹೊರಬರುತ್ತದೆ. ಅದರ ಮೇಲೆ ಇಸ್ತ್ರಿ ಇಡಬೇಡಿ. ಬಿಸಿಗೆ ಕಲೆ ಅಲ್ಲೇ ಕೂತುಬಿಡುತ್ತದೆ. ಮನೆಯ ಹೊರಗೆ ಬ್ರಷ್ ಮಾಡಿ, ಕ್ಲೀನ್ ಮಾಡಿಸಿ, ಇಸ್ತ್ರಿ ಆಮೇಲೆ.